ಮಳೆ ಲೆಕ್ಕದ ಪಕ್ಕದಲ್ಲೊಂದು ಚಿತ್ರ: ಬರಹವೂ ಗೆರೆಯೂ ಕೂಡಿದ ದಿನಚರಿ ಮಾಡುವುದು ಹೇಗೆ?

ಕೊಡಗಿನ ಬಹಳಷ್ಟು ತೋಟದ ಮನೆಗಳಲ್ಲಿ ಮಳೆ ಲೆಕ್ಕದ ಪುಸ್ತಕ ಇರುತ್ತದೆ. ನಿನ್ನೆ ಎಷ್ಟು ಇಂಚು, ಎಷ್ಟು ಸೆಂಟ್ ಬಿತ್ತು ಎಂದು ಬೆಳಗ್ಗೆ ಎದ್ದು ಅದರಲ್ಲಿ ಬರೆದಿಡುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ಅಜ್ಜನ ಕಾಲದ ಲೆಕ್ಕವನ್ನು ಇಂದಿಗೂ ಜೋಪಾನವಾಗಿ ಇಟ್ಟವರಿದ್ದಾರೆ. ಅಂಥ ಪುಸ್ತಕ ನಿಮ್ಮಲ್ಲಿದ್ದರೆ, ಮಳೆಗೆ ಗುಡ್ಡಗಳು ಕುಸಿದ 2018ರ ಆಗಸ್ಟ್ ಪುಟ ತೆಗೆದು ನೋಡಿ. ಅಂಕಿ ಇರುತ್ತದೆ. ಕಿಟಕಿಯಿಂದ ಕಾಣುತ್ತಿದ್ದ ಗುಡ್ಡದ ಆಕಾರ ಇರುವುದಿಲ್ಲ. ಆ ರಾತ್ರಿ ಮನೆಯವರು ಏನು ಮಾತಾಡಿಕೊಂಡರು ಅನ್ನುವುದೂ ಇರುವುದಿಲ್ಲ. ಅಂಕಿಯ ಪಕ್ಕ ನಾಲ್ಕು ಗೆರೆ, ಎರಡು ಸಾಲು ಇದ್ದಿದ್ದರೆ ಅದು ಬೇರೆಯೇ ಪುಸ್ತಕ ಆಗುತ್ತಿತ್ತು, ಅಲ್ವಾ?

ಈ ದಿನಚರಿಯನ್ನು ಯಾರು ಬೇಕಾದರೂ ಮಾಡಬಹುದು. ಚಿತ್ರಕಲೆ ಕಲಿತಿರಬೇಕು ಅಂತೇನಿಲ್ಲ.

ಮೊದಲು ಸಾಮಾನು

ಜಾಸ್ತಿ ಏನೂ ಬೇಡ. ಗಟ್ಟಿ ರಟ್ಟಿನ, ಗೆರೆ ಇಲ್ಲದ ಪುಸ್ತಕ ಒಂದು. ಬರೀ ಪೆನ್ನು, ಪೆನ್ಸಿಲ್ ಬಳಸುವುದಾದರೆ ಸಾಧಾರಣ ಡ್ರಾಯಿಂಗ್ ಹಾಳೆ ಸಾಕು. ನೀರು ಮುಟ್ಟಿಸುವುದಾದರೆ 200 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಹಾಳೆಯ ಗ್ರಾಂ ತೂಕ) ತೆಳು ಬೇಡ, ಹಾಳೆ ಮುದುಡುತ್ತದೆ. ಬಾಲ್ ಪೆನ್ನಿನ ಶಾಯಿ ಎಣ್ಣೆಯದ್ದು, ನೀರಿಗೆ ಹರಡುವುದಿಲ್ಲ. ಜೆಲ್ ಪೆನ್ನು ಬಹುತೇಕ ಹರಡುತ್ತದೆ. ಅನುಮಾನ ಇದ್ದರೆ ಕೊನೆಯ ಪುಟದಲ್ಲಿ ಒಂದು ಗೆರೆ ಎಳೆದು, ಸ್ವಲ್ಪ ಹೊತ್ತು ಬಿಟ್ಟು, ಒದ್ದೆ ಬೆರಳಿನಿಂದ ಉಜ್ಜಿ ನೋಡಿ.

ಬಣ್ಣಕ್ಕೆ ಪೇಟೆಗೆ ಹೋಗಬೇಕಾಗಿಲ್ಲ. ಹಾಲು, ಸಕ್ಕರೆ ಹಾಕದ ಕಾಫಿ ಡಿಕಾಕ್ಷನ್ ಒಳ್ಳೆಯ ಕಂದು ಬಣ್ಣ. ತೆಳುವಾಗಿ ಒಂದು ಸಲ ಹಚ್ಚಿ, ಪೂರ್ತಿ ಒಣಗಿದ ಮೇಲೆ ನೆರಳಿರುವ ಕಡೆ ಮಾತ್ರ ಇನ್ನೊಮ್ಮೆ ಹಚ್ಚಿ. ಮೂರು ಪದರ ಹಾಕುವಷ್ಟರಲ್ಲಿ ಮರದ ತೊಗಟೆ, ಹಳೇ ಹೆಂಚು, ಮಣ್ಣಿನ ಬರೆ ಎಲ್ಲ ಬರುತ್ತವೆ. ಇನ್ನೂ ದಟ್ಟ ಬೇಕೆಂದರೆ ಡಿಕಾಕ್ಷನ್ ಕುದಿಸಿ ಇಂಗಿಸಿ. ಸಕ್ಕರೆ ಬಿದ್ದ ಕಾಫಿ ಮಾತ್ರ ಬೇಡ. ಪುಟಗಳು ಅಂಟಿಕೊಳ್ಳುತ್ತವೆ, ಇರುವೆ ಬರುತ್ತದೆ.

ಚಿತ್ರ ಹೇಳಿದ್ದನ್ನು ಮಾತು ಮತ್ತೆ ಹೇಳಬಾರದು

ಇಡೀ ಕೆಲಸದಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೊಂದೇ. ಹೆಚ್ಚಿನವರು ಹೂ ಬರೆದು ಕೆಳಗೆ ‘ಕಾಫಿ ಹೂ’ ಎಂದು ಬರೆಯುತ್ತಾರೆ. ಅಲ್ಲಿಗೆ ಪುಟ ಮುಗಿದುಹೋಗುತ್ತದೆ. ಕಣ್ಣಿಗೆ ಕಾಣುವುದನ್ನು ಗೆರೆಗೆ ಬಿಡಿ. ಕಾಣದ್ದನ್ನು ಅಕ್ಷರಕ್ಕೆ ಕೊಡಿ.

ಕಾಫಿ ಹೂವನ್ನೇ ತೆಗೆದುಕೊಳ್ಳೋಣ. ಮಾರ್ಚ್, ಏಪ್ರಿಲ್ ಹೊತ್ತಿಗೆ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಎರಡು ಮೂರು ದಿನದಲ್ಲಿ ಹೂ ಬಾಡುತ್ತದೆ. ಹಾಗಾಗಿ ಮೊದಲು ಚಿತ್ರ. ಒಂದೇ ರೆಂಬೆ ಹಿಡಿದುಕೊಳ್ಳಿ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿಯಾಗಿರುತ್ತವೆ. ಹೂಗೊಂಚಲು ಆ ಜೋಡಿಯ ಬುಡದಲ್ಲಿ ಕೂತಿರುತ್ತದೆ. ರೊಬಸ್ಟಾ ಆದರೆ ಎಲೆ ದೊಡ್ಡದು, ಅಂಚು ಅಲೆಅಲೆಯಾಗಿರುತ್ತದೆ. ಅರೇಬಿಕಾ ಎಲೆ ಚಿಕ್ಕದು, ಹೊಳಪು ಜಾಸ್ತಿ. ಹೂವಿಗೆ ಬಣ್ಣ ಹಚ್ಚಬೇಡಿ, ಹಾಳೆಯ ಬಿಳಿಯನ್ನೇ ಬಿಡಿ. ಸುತ್ತಲಿನ ಎಲೆಗೆ ಡಿಕಾಕ್ಷನ್ ತುಂಬಿದರೆ ಹೂ ತಾನಾಗಿ ಎದ್ದು ಬರುತ್ತದೆ.

ಈಗ ಮಾತು. ಹೂ ಬೆಳ್ಳಗಿದೆ ಎಂದು ಬರೆಯುವುದು ಬೇಡ, ಅದು ಕಾಣುತ್ತಿದೆ. ಪರಿಮಳ ಮಲ್ಲಿಗೆಯ ಹತ್ತಿರಕ್ಕೆ ಬರುತ್ತದಾ, ಇಲ್ಲವಾ? ಜೇನುಹುಳದ ಸದ್ದು ಎಷ್ಟು ದೂರಕ್ಕೆ ಕೇಳಿತು? ಮಳೆ ಬಾರದೆ ರಾತ್ರಿಯಿಡೀ ಸ್ಪ್ರಿಂಕ್ಲರ್ ಪಂಪ್ ಓಡಿತ್ತಾ? ‘ಹೂವಿನ ಹಿಂದೆ ಬರೋ ಮಳೆಯೂ ಬಂದರೆ ಕಾಯಿ ನಿಲ್ತದೆ’ ಎಂದು ಅಪ್ಪ ಎಷ್ಟು ಸಲ ಹೇಳಿದರು? ಇವೆಲ್ಲ ಯಾವ ಕುಂಚಕ್ಕೂ ಸಿಗುವುದಿಲ್ಲ. ಐದಾರು ಸಾಲಾದರೆ ಸಾಕು.

ಮಾತಾಡುತ್ತಿರುವ ಜನ ಎದುರಿಗಿದ್ದರೆ ಕ್ರಮ ಉಲ್ಟಾ. ಮಾತು ಹಾರಿಹೋಗುತ್ತದೆ, ಅದನ್ನು ಮೊದಲು ಬರೆದುಕೊಳ್ಳಿ. ಮುಖ ಆಮೇಲೆ. ನಮ್ಮ ಸಂತೆಯಲ್ಲಿ, ಕಾಫಿ ಕಣದಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಎಲ್ಲ ಕಿವಿಗೆ ಬೀಳುತ್ತದೆ. ಕೇಳಿದ್ದನ್ನು ಕೇಳಿದ ಹಾಗೆ ಕನ್ನಡ ಅಕ್ಷರದಲ್ಲೇ ಇಳಿಸಿ. ದಯವಿಟ್ಟು ತಿದ್ದಬೇಡಿ. ಆ ಮನುಷ್ಯ ಇರುವುದು ಆ ಮಾತಿನಲ್ಲೇ.

ಜಾಗ ಹಂಚುವುದು

ಪುಟದಲ್ಲಿ ಚಿತ್ರ ಎಲ್ಲಿ, ಬರಹ ಎಲ್ಲಿ ಅನ್ನುವುದನ್ನು ಪೆನ್ಸಿಲ್‌ನಲ್ಲಿ ಹಗುರಾಗಿ ಗುರುತು ಹಾಕಿಕೊಳ್ಳಿ. ಸಾಲುಗಳು ನೆಟ್ಟಗೇ ಇರಬೇಕೆಂದಿಲ್ಲ. ಕರಿಮೆಣಸಿನ ಬಳ್ಳಿ ಬರೆದರೆ ಬರಹವೂ ಬಳ್ಳಿಯ ಜೊತೆ ಹತ್ತಲಿ. ದೂರದ ಗುಡುಗಿಗೆ ಸಣ್ಣ ಅಕ್ಷರ, ತಲೆ ಮೇಲಿನ ಗುಡುಗಿಗೆ ದಪ್ಪ ಅಕ್ಷರ. ಒಂದು ಎಚ್ಚರಿಕೆ: ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಸಾಲಿನ ನಡುವೆ ಧಾರಾಳ ಜಾಗ ಬಿಡದಿದ್ದರೆ ಅವು ಚಿತ್ರದ ಮೇಲೆ ಹತ್ತಿ ಕೂರುತ್ತವೆ.

ತಪ್ಪಾದರೆ ಹಾಳೆ ಹರಿಯಬೇಡಿ. ರವೀಂದ್ರನಾಥ ಟ್ಯಾಗೋರರು ಕವಿತೆಯಲ್ಲಿ ಹೊಡೆದುಹಾಕಿದ ಪದಗಳನ್ನು ಒಂದಕ್ಕೊಂದು ಜೋಡಿಸಿ ಹಕ್ಕಿ, ಮುಖ, ವಿಚಿತ್ರ ಪ್ರಾಣಿ ಮಾಡುತ್ತಿದ್ದರು. ಅವರ ಚಿತ್ರಕಲೆ ಬೆಳೆದದ್ದು ಹಾಗೆ. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಚಿತ್ರ ಪ್ರದರ್ಶನ ನಡೆದಾಗ ವಯಸ್ಸು 69 ಸಮೀಪಿಸಿತ್ತು. ನೀವೂ ಹೊಡೆದುಹಾಕಿದ ಸಾಲನ್ನು ಸುಮ್ನೆ ನೋಡುತ್ತಾ ಕೂರಿ. ಅದರೊಳಗೆ ಏನಾದರೂ ಕಾಣುತ್ತದೆ.

ತೋಟ ಬೇಸರವಾದರೆ ಹೊರಗೆ ಹೋಗಿ. ಮಡಿಕೇರಿ ಕೋಟೆಯೊಳಗಿನ ಎರಡು ಗಾರೆ ಆನೆಗಳು ಅಲುಗಾಡುವುದಿಲ್ಲ, ಕಲಿಯುವವರಿಗೆ ಹೇಳಿ ಮಾಡಿಸಿದ ಹಾಗಿವೆ. ಕಕ್ಕಬ್ಬೆ ಬಳಿಯ ನಾಲ್ಕುನಾಡು ಅರಮನೆಯಲ್ಲಿ ಹಳೆಯ ಗೋಡೆ ಚಿತ್ರಗಳಿವೆ. ಅವನ್ನು ಹಾಗೆಯೇ ನಕಲು ಮಾಡುವುದಕ್ಕಿಂತ ಒಂದು ಮೂಲೆ ಆರಿಸಿಕೊಂಡು, ಬಣ್ಣ ಉದುರಿದ ಕಡೆ ಏನಿದ್ದಿರಬಹುದು ಎಂದು ಬರೆಯುವುದು ಹೆಚ್ಚು ಖುಷಿ ಕೊಡುತ್ತದೆ.

ಮಳೆಗಾಲದಲ್ಲಿ

ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಹಾಳೆ ಒಣಗುತ್ತದಾ? ಆ ತಿಂಗಳುಗಳಲ್ಲಿ ನೀರಿನ ಬಣ್ಣ ಕಡಿಮೆ ಮಾಡಿ ಪೆನ್ನು, ಪೆನ್ಸಿಲ್ ಹಿಡಿಯಿರಿ. ಬಣ್ಣ ಹಚ್ಚಿದರೆ ಆರುವ ತನಕ ಪುಸ್ತಕ ಮುಚ್ಚಬೇಡಿ. ಬೆಂಕಿಗೆ ತೀರಾ ಹತ್ತಿರವಲ್ಲದೆ, ಒಲೆಯ ಶಾಖ ತಾಗುವ ಕಡೆ ಬಿಚ್ಚಿಡಿ. ಕಾಫಿ ಹಚ್ಚಿದ ಪುಟಕ್ಕೆ ಬೂಷ್ಟು ಬೇಗ ಹಿಡಿಯುತ್ತದೆ. ಪುಸ್ತಕವನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು, ಜೊತೆಗೆ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ. ಬೂಷ್ಟು ಕಂಡರೆ ಒದ್ದೆ ಬಟ್ಟೆ ಮುಟ್ಟಿಸಬೇಡಿ. ಬಿಸಿಲು ಬಂದ ದಿನ ಪುಟ ಒಣಗಿಸಿ, ಮನೆಯ ಹೊರಗೆ ನಿಂತು ಒಣ ಕುಂಚದಿಂದ ಮೆಲ್ಲಗೆ ತೆಗೆಯಿರಿ. ಪುಟ ಮುಗಿದ ದಿನವೇ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಂಡರೆ ಒಳ್ಳೆಯದು.