ನಾನೂರು ಫೋಟೊ, ಒಂದು ಅಟ್ಟ

ಮೊದಲು ನಾನು ಮಾಡಿದ ಒಂದು ಸುಳ್ಳಿನ ಕಥೆ ಹೇಳಿಬಿಡುತ್ತೇನೆ.

ಇಪ್ಪತ್ತು ವರ್ಷದ ಹಿಂದೆ ದಿನಪತ್ರಿಕೆಯೊಂದಕ್ಕೆ ಫೋಟೊ ಕಳಿಸುತ್ತಿದ್ದೆ. ಬೇಸಿಗೆ ಬಂತೆಂದರೆ ಎಲ್ಲರಿಗೂ ಬೇಕಾದದ್ದು ಒಂದೇ ಫೋಟೊ: ಒಣಗಿದ ನಲ್ಲಿ, ಖಾಲಿ ಕೊಡ. ಒಂದು ಹಳ್ಳಿಗೆ ಹೋದೆ. ನಲ್ಲಿ ಇತ್ತು, ಜನ ಇರಲಿಲ್ಲ. ಜಗಲಿ ಮೇಲೆ ಕೂತಿದ್ದ ಅಜ್ಜಿಯೊಬ್ಬರನ್ನು ಕರೆದು, "ಅಮ್ಮ, ಸುಮ್ನೆ ಒಂದ್ನಿಮಿಷ ಕೊಡ ಹಿಡ್ಕೊಂಡು ನಿಂತ್ಕೊಳ್ಳಿ" ಅಂದೆ. ಪಾಪ, ನಿಂತರು. "ನಲ್ಲಿ ಕಡೆ ನೋಡಿ" ಅಂದೆ. ನೋಡಿದರು. ಮರುದಿನ ಮೂರು ಕಾಲಂ ಅಗಲಕ್ಕೆ ಬಂತು. ಅದರ ಮರುದಿನ ಆ ಊರಿನವರೊಬ್ಬರು ಫೋನ್ ಮಾಡಿದರು. "ಸಾರ್, ಆ ನಲ್ಲಿಗೆ ಪೈಪೇ ಕೊಟ್ಟಿಲ್ಲ. ನಮಗೆ ನೀರು ಬರೋದು ಪಕ್ಕದ ಬೀದಿ ತೊಂಬೇಲಿ. ಅದು ಬರ್ತಾನೇ ಇದೆ."

ನಾನು ಡೆಸ್ಕಿಗೆ ಈ ಮಾತು ಹೇಳಲೇ ಇಲ್ಲ. ಆ ಫೋಟೊ ಕತ್ತರಿಸಿ ಆಲ್ಬಮ್ಮಿನಲ್ಲಿ ಅಂಟಿಸಿಕೊಂಡೆ ಕೂಡ.

ಈಗ ಪತ್ರಿಕೆ ಬಿಟ್ಟು ಕಾಲೇಜೊಂದರಲ್ಲಿ ಪತ್ರಿಕೋದ್ಯಮದ ಮಕ್ಕಳಿಗೆ ವಾರಕ್ಕೆರಡು ದಿನ ಕ್ಯಾಮೆರಾ ಹೇಳಿಕೊಡುತ್ತೇನೆ. ಪಾಠದ ಪಟ್ಟಿಯಲ್ಲಿ ಕ್ಲಿಫ್ ಎಡಮ್ ಅನ್ನುವ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ. 'ಫೋಟೊಜರ್ನಲಿಸಂ' ಅನ್ನುವ ಪದ ಚಾಲ್ತಿಗೆ ಬಂದದ್ದರಲ್ಲಿ ಅವರದ್ದೂ ಪಾಲಿದೆ ಅಂತ. ಎರಡು ಅಂಕದ ಪ್ರಶ್ನೆಗೆ ಸಾಕು. ನಾನೂ ಮೂರು ವರ್ಷ ಅಷ್ಟನ್ನೇ ಒದರಿದೆ. ಆಮೇಲೆ ಒಂದು ದಿನ ಅವರು ಶುರುಮಾಡಿದ ಫೋಟೊ ಶಿಬಿರದ ಧ್ಯೇಯವಾಕ್ಯ ಕಣ್ಣಿಗೆ ಬಿತ್ತು. ಕ್ಯಾಮೆರಾದಿಂದ ಸತ್ಯವನ್ನು ತೋರಿಸಿ, ಸತ್ಯ ಅನ್ನೋದು ಅವರವರ ಪ್ರಾಮಾಣಿಕತೆಗೆ ಬಿಟ್ಟದ್ದು, ಪೋಸ್ ಕೊಡಿಸಿದ ಅಥವಾ ನಕಲಿ ಮಾಡಿದ ಫೋಟೊವನ್ನು ಯಾವ ಕಾರಣಕ್ಕೂ ಸಹಿಸುವುದಿಲ್ಲ, ಅಂತ ಅದರ ಸಾರ. ಓದಿದ ಕೂಡಲೇ ನನಗೆ ನೆನಪಾದದ್ದು ಆ ನಲ್ಲಿ.

ಎಡಮ್ ಹುಟ್ಟಿದ್ದು 1907ರಲ್ಲಿ. ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ಶಾಲೆ ಶುರುವಾದದ್ದು ಅದರ ಮರುವರ್ಷ, 1908ರಲ್ಲಿ. 1943ರಲ್ಲಿ ಅದೇ ಶಾಲೆಯಲ್ಲಿ ಎಡಮ್ ಫೋಟೊ ಪತ್ರಿಕೋದ್ಯಮಕ್ಕೆಂದೇ ಒಂದು ವಿಭಾಗ ಕಟ್ಟಿದರು. ಆಗ ಅಲ್ಲಿ ಡೀನ್ ಆಗಿದ್ದವರು ಫ್ರಾಂಕ್ ಲೂಥರ್ ಮಾಟ್. 'ಫೋಟೊಜರ್ನಲಿಸಂ' ಪದದ ಶ್ರೇಯ ಇಬ್ಬರಿಗೂ ಸಲ್ಲುತ್ತದೆ ಅನ್ನುತ್ತಾರೆ. 1944ರಲ್ಲಿ ಎಡಮ್ ಶುರುಮಾಡಿದ ವರ್ಷದ ಸುದ್ದಿಚಿತ್ರಗಳ ಸ್ಪರ್ಧೆ 'ಪಿಕ್ಚರ್ಸ್ ಆಫ್ ದಿ ಇಯರ್' ಅಂತ ಬೆಳೆದು ಇವತ್ತಿಗೂ ನಡೆಯುತ್ತಿದೆ. 1972ರಲ್ಲಿ ಅವರು ನಿವೃತ್ತರಾದರು, 1991ರಲ್ಲಿ ತೀರಿಕೊಂಡರು.

ಇಸವಿಗಳು ಇಷ್ಟೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ.

ಅವರು ಪಾಠ ಶುರುಮಾಡಿದ ಕಾಲಕ್ಕೆ ಅಲ್ಲಿನ ಪತ್ರಿಕಾ ಛಾಯಾಗ್ರಾಹಕರ ಕೈಯಲ್ಲಿ ಇರುತ್ತಿದ್ದದ್ದು ಸ್ಪೀಡ್ ಗ್ರಾಫಿಕ್ ಅನ್ನುವ ದೊಡ್ಡ ಪೆಟ್ಟಿಗೆ ಕ್ಯಾಮೆರಾ. ನಾಲ್ಕು ಇಂಚು, ಐದು ಇಂಚಿನ ಫಿಲ್ಮ್ ಹಾಳೆ. ಒಂದು ಹೋಲ್ಡರಿಗೆ ಎರಡೇ ಹಾಳೆ. ಒಂದು ಸಲ ಫ್ಲ್ಯಾಷ್ ಹೊಡೆದರೆ ಬಲ್ಬು ಸುಟ್ಟುಹೋಗುತ್ತಿತ್ತು, ಬಿಸಿ ಬಲ್ಬು ಕಿತ್ತು ಹೊಸದು ಹಾಕಬೇಕು. ಇಷ್ಟು ತಾಪತ್ರಯ ಇರುವಾಗ ಯಾರು ಕಾಯುತ್ತಾರೆ? "ಇಲ್ಲಿ ನಿಲ್ಲಿ, ಕೈ ಕುಲುಕಿ, ಹಾಗೇ ಇರಿ" ಅನ್ನುವುದೇ ರೂಢಿಯಾಯಿತು. ಕ್ಯಾಮೆರಾ ಚಿಕ್ಕದಾಯಿತು, ಬಲ್ಬು ಹೋಯಿತು, ರೂಢಿ ಮಾತ್ರ ನಮ್ಮ ತಾಲ್ಲೂಕು ವರದಿಗಾರರ ತನಕ ಬಂತು. ನಾನು ಆ ಅಜ್ಜಿಗೆ ಹೇಳಿದ್ದೂ ಅದೇ ಮಾತು ತಾನೆ?

1949ರಲ್ಲಿ ಎಡಮ್ ಮತ್ತು ಅವರ ಹೆಂಡತಿ ವೈ ಸೇರಿ ಒಂದು ಶಿಬಿರ ಶುರುಮಾಡಿದರು, ಮಿಸೌರಿ ಫೋಟೊ ವರ್ಕ್‌ಶಾಪ್. ವರ್ಷಕ್ಕೊಂದು ಸಲ, ಒಂದು ಸಣ್ಣ ಊರು, ಒಂದು ವಾರ. ಪಾಠ ಮಾಡಲು ಬಂದವರಲ್ಲಿ ರಾಯ್ ಸ್ಟ್ರೈಕರ್, ರಸೆಲ್ ಲೀ ಇದ್ದರು. ಇಬ್ಬರೂ 1930ರ ದಶಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅಮೆರಿಕ ಸರ್ಕಾರದ ಕೃಷಿ ನೆರವು ಇಲಾಖೆಗಾಗಿ ಹಳ್ಳಿಗಾಡಿನ ಬದುಕನ್ನು ದಾಖಲಿಸಿದ ಗುಂಪಿನವರು. ಅದರ ಮುಖ್ಯಸ್ಥ ಸ್ಟ್ರೈಕರ್ ಫೋಟೊ ತೆಗೆಯುವವರಲ್ಲ, ತೆಗೆಸುವವರು. ಹೊರಡುವ ಮೊದಲು ಆ ಊರಿನ ಬಗ್ಗೆ ಓದಿಕೊಂಡು ಹೋಗು ಅನ್ನುತ್ತಿದ್ದರು. ಹಿಡಿಸದ ನೆಗೆಟಿವ್‌ಗಳಿಗೆ ತೂತು ಹೊಡೆದು ಹಾಕುತ್ತಿದ್ದದ್ದೂ ಅವರೇ. ಆ ತೂತಿನ ಫೋಟೊಗಳನ್ನು ನೋಡಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ, ಇರಲಿ. 1936ರಲ್ಲಿ ಅವರದೇ ಗುಂಪಿನ ಆರ್ಥರ್ ರಾಥ್‌ಸ್ಟೈನ್ ಬರದ ಫೋಟೊಗಾಗಿ ಹಸುವಿನ ತಲೆಬುರುಡೆಯೊಂದನ್ನು ಕೆಲವು ಅಡಿ ಆಚೆಗೆ ಸರಿಸಿ ತೆಗೆದರು ಅಂತ ಸರ್ಕಾರದ ವಿರೋಧಿ ಪತ್ರಿಕೆಗಳು ದೊಡ್ಡ ಗಲಾಟೆ ಎಬ್ಬಿಸಿದ್ದವು. ಬುರುಡೆ ಸರಿಸಿದರೂ ಬರ ಸುಳ್ಳಾಗಲಿಲ್ಲ. ನನ್ನ ನಲ್ಲಿಯಲ್ಲಿ ಬರವೂ ಸುಳ್ಳೇ.

ಶಿಬಿರದ ಕಟ್ಟುಪಾಡು ಸರಳ, ಆದರೆ ಹಿಂಡುತ್ತದೆ. ಊರೊಳಗೆ ತಿರುಗಾಡಿ ಕಥೆ ಹುಡುಕಬೇಕು. ಅದನ್ನು ಗುರುಗಳ ಮುಂದೆ ಇಡಬೇಕು. ಅವರು ಒಪ್ಪುವ ತನಕ ಒಂದೂ ಫೋಟೊ ತೆಗೆಯುವ ಹಾಗಿಲ್ಲ. ಎಷ್ಟೋ ಜನರನ್ನು ಎರಡು ಮೂರು ಸಲ ವಾಪಸ್ ಕಳಿಸುತ್ತಾರೆ. ಡಿಜಿಟಲ್ ಬಂದಮೇಲೆ ವಾರಕ್ಕೆ 400 ಫೋಟೊ ಅಂತ ಮಿತಿ ಹಾಕಿದ್ದಾರೆ, ಅಳಿಸುವುದಕ್ಕೂ ಇಲ್ಲ. ಕೊನೆಗೆ ಊರಿನವರಿಗೇ ಪ್ರದರ್ಶನ.

ಮಕ್ಕಳಿಗೆ ಹೇಳುವ ಮೊದಲು ನಾನೇ ಮಾಡಿ ನೋಡೋಣ ಅನಿಸಿತು. ತಿಪಟೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಪರಿಚಯದವರ ಮನೆ ಇತ್ತು. ದಸರಾ ರಜೆಯಲ್ಲಿ ಹೋದೆ. ಗುರುವಿನ ಜಾಗಕ್ಕೆ ನನ್ನ ಹಳೇ ಗೆಳೆಯನನ್ನು ಕೂರಿಸಿದೆ, ನಿವೃತ್ತ ಉಪಸಂಪಾದಕ. ಇನ್ನೊಬ್ಬರ ವಾಕ್ಯ ಕೊಯ್ಯುವುದರಲ್ಲಿ ಅವನಿಗೆ ಮೊದಲಿಂದಲೂ ಖುಷಿ.

ಮೊದಲ ದಿನ ಫೋನಿನಲ್ಲಿ ಹೇಳಿದೆ, "ತಿಪಟೂರಿನ ಕೊಬ್ಬರಿ ಮಾರುಕಟ್ಟೆ."

"ಅದು ವಿಷಯ ಕಣಯ್ಯ. ಕಥೆ ಎಲ್ಲಿ?"

ಸಂಜೆ ಮತ್ತೆ ಮಾಡಿದೆ. "ಕೊಬ್ಬರಿ ಬೆಲೆ ಬಿದ್ದು ಒದ್ದಾಡ್ತಿರೋ ರೈತ."

"ಅದು ತಲೆಬರಹ. ಯಾವ ರೈತ? ಅವನು ಏನು ಮಾಡ್ತಿದ್ದಾನೆ?"

ಫೋನ್ ಇಟ್ಟು ಬೈದುಕೊಂಡೆ. ಅವನು ಹೇಳಿದ್ದು ಸರಿ ಅನ್ನುವುದೇ ಜಾಸ್ತಿ ಸಿಟ್ಟು ತರಿಸಿತ್ತು.

ಕಥೆ ಸಿಕ್ಕಿದ್ದು ಮರುದಿನ ಬೆಳಿಗ್ಗೆ, ಕ್ಯಾಮೆರಾ ಇಲ್ಲದೆ ಸುಮ್ಮನೆ ನಡೆಯುವಾಗ. ಒಂದು ಮನೆಯ ಅಂಗಳದಲ್ಲಿ ಯಜಮಾನರೊಬ್ಬರು ತೆಂಗಿನಕಾಯಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ಕಣ್ಣು ಮುಚ್ಚಿತ್ತು. ಈ ಕಡೆ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ. ಆಗ ಅಲ್ಲಾಡಿಸಿದರೆ ಒಳಗೆ ಗಡಗಡ ಅನ್ನುತ್ತದೆ. ಗಿಟುಕಾಯಿತು ಅಂತ ಅರ್ಥ. ಆಮೇಲೆ ಸುಲಿದು, ಒಡೆದು, ಉಂಡೆ ಕೊಬ್ಬರಿ ತೆಗೆಯುವುದು.

"ಮನೆಯ ಒಂದು ವರ್ಷದ ದುಡ್ಡು ಅಟ್ಟದ ಮೇಲಿದೆ. ಗಂಡ ಹೆಂಡತಿ ದಿನಾ ಅದನ್ನು ಕಿವಿಯಲ್ಲಿ ಲೆಕ್ಕ ಹಾಕ್ತಾರೆ" ಅಂದೆ ಫೋನಿನಲ್ಲಿ. ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಸದ್ದನ್ನು ಫೋಟೊ ಹೇಗೆ ತೆಗೀತೀಯ?" ಅಂದ. ಒಪ್ಪಿದ ಅಂತ ಅಂದುಕೊಂಡೆ.

ಆ ಮನೆಯವರು ಬೇಡ ಅನ್ನಲಿಲ್ಲ. "ಏನಾದ್ರೂ ಮಾಡ್ಕೊಳ್ಳಿ ಮೇಷ್ಟ್ರೇ, ಊಟಕ್ಕೆ ಮಾತ್ರ ಇಲ್ಲೇ ಬರಬೇಕು" ಅಂದರು. ಮೊದಲ ದಿನ 61 ಫೋಟೊ ತೆಗೆದೆ. ಅಟ್ಟ, ಏಣಿ, ಕಾಯಿ ರಾಶಿ, ಮತ್ತೆ ಅಟ್ಟ. ಎಲ್ಲವೂ ಕ್ಯಾಲೆಂಡರಿಗೆ ಆಗುವಂಥವು. ಯಜಮಾನರು ಕಾಯಿ ಮುಟ್ಟಲೇ ಇಲ್ಲ. ಎರಡನೇ ದಿನ 38. ಅವತ್ತು ಒಂದು ಸಲ ಅಲ್ಲಾಡಿಸಿದರು, ನಾನು ಕಾರ್ಡ್ ನೋಡಿಕೊಳ್ಳುತ್ತಿದ್ದೆ. ತಲೆ ಎತ್ತುವಷ್ಟರಲ್ಲಿ ಕಾಯಿ ಕೆಳಗಿತ್ತು. "ಯಜಮಾನ್ರೇ, ಇನ್ನೊಂದ್ಸಲ..." ಅನ್ನುವುದು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಅವತ್ತಿನಷ್ಟು ಕಷ್ಟ ಇಡೀ ವಾರದಲ್ಲಿ ಆಗಲಿಲ್ಲ. ಮೂರನೇ ದಿನ ಹನ್ನೆರಡೇ ಫೋಟೊ. ಉಳಿದ ಹೊತ್ತು ಅವರ ಜೊತೆ ಕೂತು ಅವರೆಕಾಯಿ ಬಗ್ಗೆ, ನುಸಿ ರೋಗದ ಬಗ್ಗೆ, ಸಾಲದ ಬಗ್ಗೆ ಮಾತಾಡಿದೆ. ಅವತ್ತೇ ಗೊತ್ತಾದದ್ದು, ಯಜಮಾನರಿಗೆ ಮಂಡಿ ನೋವು, ಏಣಿ ಹತ್ತುವವರು ಅವರಲ್ಲ, ಅವರ ಹೆಂಡತಿ, ಆ ಮನೆಯ ಅಮ್ಮ. ಎರಡು ದಿನ ನಾನು ತಪ್ಪು ಮನುಷ್ಯನ ಹಿಂದೆ ಸುತ್ತಿದ್ದೆ!

ನಾಲ್ಕನೇ ದಿನ ಅಟ್ಟದ ಮೇಲೇ ಕೂತೆ. ಕತ್ತಲು. ಹೆಂಚಿನ ಮಧ್ಯೆ ಒಂದು ಗಾಜಿನ ಹೆಂಚು, ಅಷ್ಟೇ ಬೆಳಕು. ಐಎಸ್ಒ 3200, ಶಟರ್ ನಿಧಾನ, ಸೆಕೆಂಡಿನ ಮೂವತ್ತನೇ ಒಂದು ಭಾಗ, 35 ಎಂಎಂ ಲೆನ್ಸ್, ಬೆನ್ನು ತೊಲೆಗೆ ಒತ್ತಿ. ಹನ್ನೊಂದು ಗಂಟೆಯ ಹೊತ್ತಿಗೆ ಅಮ್ಮ ಹತ್ತಿ ಬಂದರು. ನನ್ನನ್ನು ನೋಡಿ ನಕ್ಕು, ಮರೆತೇ ಬಿಟ್ಟರು. ರಾಶಿಯಿಂದ ಒಂದು ಕಾಯಿ ಎತ್ತಿ ಕಿವಿಗೆ ಹಿಡಿದು ಅಲ್ಲಾಡಿಸಿದರು. ಏಣಿಯ ಕಿಂಡಿಯಲ್ಲಿ ಯಜಮಾನರ ಮುಖ, ಮೇಲೆ ಎತ್ತಿದ್ದು, ಬಾಯಿ ಸ್ವಲ್ಪ ತೆರೆದದ್ದು. ಅವರೂ ಕೇಳಿಸಿಕೊಳ್ಳುತ್ತಿದ್ದರು. "ಬಂತಾ?" ಅಂದರು. "ತಡೀರಿ" ಅಂದರು ಅಮ್ಮ.

ಏಳು ಫೋಟೊ ತೆಗೆದೆ. ಒಂದು ಕೂತಿತು. ಅದರಲ್ಲಿ ಅಮ್ಮನ ಮುಖ ಸ್ಥಿರ, ಕೆಳಗಿನ ಮುಖ ಸ್ಥಿರ, ಕಾಯಿ ಮಾತ್ರ ಕದಡಿದೆ. ಗೆಳೆಯ ಕೇಳಿದ್ದ ಸದ್ದು ಆ ಕದಡಿನಲ್ಲಿತ್ತು. ನಾನು ನಿಲ್ಲಿಸಿ ತೆಗೆದಿದ್ದರೆ ಕಾಯಿ ಚೆನ್ನಾಗಿ ಫೋಕಸ್ ಆಗಿರುತ್ತಿತ್ತು. ಯಜಮಾನರು ಫ್ರೇಮಿನಲ್ಲೇ ಇರುತ್ತಿರಲಿಲ್ಲ, ಏಕೆಂದರೆ ಅವರು ಕೆಳಗೆ ನಿಂತು ಕೇಳುತ್ತಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ವಾರದ ಕೊನೆಗೆ ಲೆಕ್ಕ ಹಾಕಿದರೆ 287. ಇನ್ನೂ 113 ಉಳಿದಿತ್ತು.

ಆಮೇಲೆ ಮಕ್ಕಳ ಸರದಿ. ಒಬ್ಬ ಎರಡನೇ ದಿನಕ್ಕೇ 400 ಮುಗಿಸಿ, "ಸಾರ್, ಇನ್ನೊಂದು ಕಾರ್ಡ್ ಹಾಕ್ಲಾ?" ಅಂದ. ಒಬ್ಬಳ ಕಥೆಯನ್ನು ನಾಲ್ಕು ಸಲ ವಾಪಸ್ ಕಳಿಸಿದೆ, ಅವಳು ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಐದನೇ ಸಲ ಬಸ್ ನಿಲ್ದಾಣದಲ್ಲಿ ಹೂ ಕಟ್ಟುವವರ ಬಗ್ಗೆ ತಂದಳು. ಅವರು ಮಾತಾಡುವಾಗ ಬೆರಳು ನೋಡಿಕೊಳ್ಳೋದೇ ಇಲ್ಲ ಸಾರ್, ಅಂದಳು. ಒಪ್ಪಿದೆ. ಎಲ್ಲರಿಗೂ ಇದು ಒಗ್ಗುತ್ತದೆ ಅಂತಲ್ಲ. ಅಪಘಾತದ ಜಾಗದಲ್ಲಿ, ರಾಜಕಾರಣಿಯ ಮೆರವಣಿಗೆಯಲ್ಲಿ ಯಾವ ಗುರುವಿಗೆ ಫೋನ್ ಮಾಡಿ ಅನುಮತಿ ಕೇಳುತ್ತೀರಿ? ಆದರೆ ಓಡುವ ಸುದ್ದಿಯಲ್ಲೂ ಇದು ಕೆಲಸಕ್ಕೆ ಬರುತ್ತದೆ ಅನ್ನುವುದಕ್ಕೆ ಎಡಮ್ ಅವರ ಶಿಷ್ಯ, ಛಾಯಾಗ್ರಾಹಕ ಬಿಲ್ ಎಪ್ರಿಜ್ ಉದಾಹರಣೆ. 1968ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಹೋಟೆಲಿನ ಅಡುಗೆಮನೆಯಲ್ಲಿ, ಅಮೆರಿಕದ ಅಧ್ಯಕ್ಷ ಹುದ್ದೆಗೆ ಪ್ರಚಾರ ಮಾಡುತ್ತಿದ್ದ ರಾಬರ್ಟ್ ಕೆನಡಿಗೆ ಗುಂಡು ಬಿತ್ತು. ನೆಲಕ್ಕೆ ಬಿದ್ದ ಕೆನಡಿಯ ಪಕ್ಕ ಮಂಡಿಯೂರಿದ ಹೋಟೆಲ್ ಹುಡುಗನ ಫೋಟೊ ಎಪ್ರಿಜ್ ಅವರದು. ಅವರು ಕೆನಡಿಯ ಪ್ರಚಾರದ ಜೊತೆಗೇ ತಿರುಗುತ್ತಿದ್ದವರು, ಅವತ್ತು ಬೆಳಿಗ್ಗೆ ಬಂದು ಇಳಿದವರಲ್ಲ.

ಪ್ರದರ್ಶನದ ಪಾಠವನ್ನೂ ಬಿಡಲಿಲ್ಲ. ಆ ಹಳ್ಳಿಯ ಭಜನೆಮನೆಯಲ್ಲಿ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ ಹನ್ನೆರಡು ಪ್ರಿಂಟ್ ತೂಗುಹಾಕಿದೆ. ಊರಿನವರಿಗಿಂತ ಮೊದಲು ಆ ಇಬ್ಬರನ್ನೇ ಕರೆದೆ. ಯಜಮಾನರು ತಮ್ಮ ಮುಖ ನೋಡಿ, "ಬಾಯಿ ಬಿಟ್ಕೊಂಡಿದ್ನಾ ನಾನು?" ಅಂದರು. ಅಮ್ಮ ಮಾತ್ರ ಅಟ್ಟದ ಫೋಟೊ ಮುಂದೆ ತುಂಬಾ ಹೊತ್ತು ನಿಂತರು. ನನಗೆ ಒಳಗೊಳಗೇ ಹೆಮ್ಮೆ.

"ಮೇಷ್ಟ್ರೇ, ಸೆರಗು ಹರಿದಿದೆ."

ಹೌದು, ಹರಿದಿತ್ತು. ನಾನು ಗಮನಿಸಿಯೇ ಇರಲಿಲ್ಲ.

"ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ಬೇರೆ ಸೀರೆ ಉಟ್ಕೊಂಡು ಬರ್ತಿದ್ರಿ, ಅಲ್ವಾ ಅಮ್ಮ?"

"ಮತ್ತೆ! ಹಸಿರುದು ಇತ್ತು" ಅಂದರು.

ಬೇಡವಾದರೆ ತೆಗೆದುಬಿಡುತ್ತೇನೆ ಅಂದೆ. ಅವರು ಇನ್ನೊಂದು ಸಲ ಫೋಟೊ ನೋಡಿದರು, ಗಂಡನ ಮುಖ ನೋಡಿದರು. "ಇರಲಿ ಬಿಡಿ. ಇವರು ಕೆಳಗೆ ನಿಂತು ಹಿಂಗೆ ನೋಡ್ತಾರೆ ಅಂತ ನಂಗೂ ಗೊತ್ತಿರಲಿಲ್ಲ" ಅಂದರು.