ಬಾಲ್ಸಾ ರಾಕೆಟ್ಟಿನ ಮೂರನೆಯ ರೆಕ್ಕೆ

ಚೀಲ ಬಿಚ್ಚಿದ ಕೂಡಲೇ ನಾನು ಕೈಗೆತ್ತಿಕೊಂಡದ್ದು ಬಾಲ್ಸಾ ಎಂಬ ಹಗುರ ಮರದ ಹಲಗೆಯನ್ನು. ಜೋಡಿಸಿ ಹಾರಿಸುವ ಮಾದರಿ ರಾಕೆಟ್ಟಿನ ಈ ಕಿಟ್ 1970ರ ದಶಕದ್ದು. ಕಾಗದದ ಕೊಳವೆ, ಕಡೆದು ಮಾಡಿದ ಮರದ ಮೂತಿ, ಮಡಚಿಟ್ಟ ಪ್ಲಾಸ್ಟಿಕ್ ಪ್ಯಾರಾಚೂಟ್, ಸೂಚನೆಗಳ ಹಾಳೆ ಎಲ್ಲವೂ ಜೋಪಾನವಾಗಿದ್ದವು. ಆದರೆ ಹಳೆಯ ಕಿಟ್ಟಿನ ಹಣೆಬರಹ ತಿಳಿಯುವುದು ರೆಕ್ಕೆಗಳಿರುವ ಆ ತೆಳು ಹಲಗೆಯಿಂದಲೇ. ಈಗ ರೆಕ್ಕೆಗಳನ್ನು ಲೇಸರ್‌ನಿಂದ ಕತ್ತರಿಸುತ್ತಾರೆ. ಆಗ ಉಕ್ಕಿನ ಅಚ್ಚು ಒತ್ತಿ ಕತ್ತರಿಸುತ್ತಿದ್ದರು. ಅಚ್ಚು ಹರಿತವಾಗಿದ್ದಾಗ ಒತ್ತಿದ ಹಲಗೆ ಸಿಕ್ಕರೆ ಅದೃಷ್ಟ. ಮೊಂಡಾದ ಮೇಲೆ ಒತ್ತಿದ್ದಾದರೆ ಮರ ಕತ್ತರಿಸಿರುವುದಿಲ್ಲ, ಜಜ್ಜಿರುತ್ತದೆ.

ನನಗೆ ಬಂದದ್ದು ಜಜ್ಜಿದ ಹಲಗೆ. ಬೆರಳಿನಿಂದ ಒತ್ತಿ ರೆಕ್ಕೆಯನ್ನು ಬಿಡಿಸಲು ಹೋದರೆ ಮೂಲೆ ಕಿತ್ತು ಬರುವುದು ಖಂಡಿತ. ಮೊದಲು ಹಲಗೆಯನ್ನು ಹಾಗೆಯೇ ಸ್ಕ್ಯಾನ್ ಮಾಡಿ, ಅದೇ ಅಳತೆಯಲ್ಲಿ ಕಾಗದದ ಮೇಲೆ ಮುದ್ರಿಸಿ ಇಟ್ಟುಕೊಂಡೆ. ಹಳೆಯ ಕಿಟ್ಟಿನಲ್ಲಿ ಚಾಕು ಹಿಡಿಯುವ ಮುಂಚೆ ಮಾಡಲೇಬೇಕಾದ ಕೆಲಸವಿದು; ಒಂದು ಭಾಗ ಹಾಳಾದರೂ ಅದರ ಆಕಾರ ಉಳಿದಿರುತ್ತದೆ. ಆಮೇಲೆ ಹೊಸ ಬ್ಲೇಡಿನಿಂದ ಅಚ್ಚಿನ ಗೆರೆಯ ಮೇಲೆ ಹಗುರವಾಗಿ ಮೂರು ನಾಲ್ಕು ಸಲ ಎಳೆದೆ. ಹಲಗೆಯನ್ನು ತಿರುವಿ ಹಿಂಬದಿಯಿಂದಲೂ ಹಾಗೆಯೇ ಮಾಡಿದೆ. ಎರಡು ರೆಕ್ಕೆಗಳು ಚೊಕ್ಕವಾಗಿ ಬಿಟ್ಟುಕೊಂಡವು.

ಮೂರನೆಯದನ್ನು ಬೆಳಕಿಗೆ ಹಿಡಿದಾಗ ಕೈ ನಿಂತುಬಿಟ್ಟಿತು. ಹಲಗೆ ಅಚ್ಚಿನಡಿ ಓರೆಯಾಗಿ ಸೇರಿತ್ತೋ ಏನೋ, ಆ ಒಂದು ರೆಕ್ಕೆಯಲ್ಲಿ ಮರದ ಎಳೆಗಳು ಕೊಳವೆಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಓಡಿದ್ದವು. ಎಳೆಗಳು ರೆಕ್ಕೆಯ ಮುಂಭಾಗದ ಅಂಚಿನ ಜೊತೆಜೊತೆಗೆ ಸಾಗಬೇಕು. ಬಾಲ್ಸಾ ಎಳೆಯುದ್ದಕ್ಕೆ ಬಾಗಿದರೆ ತಡೆದುಕೊಳ್ಳುತ್ತದೆ, ಎಳೆಗೆ ಅಡ್ಡವಾಗಿ ಬಾಗಿದರೆ ಸೀಳುತ್ತದೆ. ಕೊಳವೆಗೆ ಸಮಾನಾಂತರವಾದ ಎಳೆಯಿದ್ದರೆ ಅಂಟಿನ ಗೆರೆಯ ಪಕ್ಕದಲ್ಲೇ ಮುರಿಯಲು ಗೆರೆ ಎಳೆದುಕೊಟ್ಟಂತೆ. ಹಾರುವಾಗ ಅಲ್ಲದಿದ್ದರೂ ಇಳಿದು ನೆಲಕ್ಕೆ ಬಡಿದಾಗ ಮುರಿಯುತ್ತದೆ.

ಎರಡು ದಿನ ಅದನ್ನು ಮೇಜಿನ ಮೇಲೆ ಇಟ್ಟು ನೋಡುತ್ತಿದ್ದೆ. ಮೂಲದ ಭಾಗಗಳನ್ನೇ ಬಳಸಬೇಕೆಂಬ ಆಸೆ ಬಲವಾಗಿತ್ತು. ಆದರೆ ಈ ರಾಕೆಟ್ಟನ್ನು ಮರದಲ್ಲಿ ಏಕೆ ಮಾಡಿದರು ಎಂಬುದನ್ನು ನೆನೆದಾಗ ಮನಸ್ಸು ತಿಳಿಯಾಯಿತು. 1950ರ ದಶಕದ ಅಮೆರಿಕದಲ್ಲಿ ಹುಡುಗರು ಲೋಹದ ಕೊಳವೆಗೆ ತಾವೇ ಮದ್ದು ತುಂಬಿ ಕೈ, ಕಣ್ಣು ಕಳೆದುಕೊಳ್ಳುತ್ತಿದ್ದರು. ನೆಬ್ರಾಸ್ಕಾ ರಾಜ್ಯದ ಓರ್ವಿಲ್ ಕಾರ್ಲೈಲ್ ಕಾಗದ ಮತ್ತು ಬಾಲ್ಸಾದ ಹಗುರ ರಾಕೆಟ್ ರೂಪಿಸಿದ್ದರು. 1957ರಲ್ಲಿ ಅದು ರಾಕೆಟ್ ಎಂಜಿನಿಯರ್ ಜಿ. ಹ್ಯಾರಿ ಸ್ಟೈನ್ ಅವರ ಕೈ ಸೇರಿ ಮಾದರಿ ರಾಕೆಟ್ಟಿನ ಹವ್ಯಾಸ ಬೇರೂರಿತು. ಮುಂದೆ ಕೊಲೊರಾಡೊದಲ್ಲಿ ವರ್ನ್ ಎಸ್ಟೆಸ್ ಅವರು ರಾಕೆಟ್ಟನ್ನು ಮೇಲಕ್ಕೆ ನೂಕುವ, ಮದ್ದು ತುಂಬಿದ ಮೋಟಾರುಗಳನ್ನು ಯಂತ್ರದಿಂದಲೇ ತಯಾರಿಸಿದರು. ಮದ್ದು ತುಂಬುವ ಕೆಲಸ ಮಕ್ಕಳ ಕೈಯಿಂದ ತಪ್ಪಿತು. ಬಾಲ್ಸಾದ ಮೆತ್ತನೆಯ ಗುಣ ಅದರ ಕೊರತೆಯಲ್ಲ, ಅದೇ ಆ ವಿನ್ಯಾಸದ ಜೀವಾಳ. ಏನಾದರೂ ಎಡವಟ್ಟಾದರೆ ಮರ ಪುಡಿಯಾಗಬೇಕು, ಮನುಷ್ಯನಿಗೆ ಪೆಟ್ಟಾಗಬಾರದು. ಅಷ್ಟು ಯೋಚಿಸಿ ಮಾಡಿದ್ದಕ್ಕೆ ಎಳೆ ತಪ್ಪಿದ ರೆಕ್ಕೆ ಅಂಟಿಸಿ ಹಾರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಅದೇ ದಪ್ಪದ ಹೊಸ ಬಾಲ್ಸಾ ತಂದು ಮೂರನೆಯ ರೆಕ್ಕೆಯನ್ನು ಕತ್ತರಿಸಿದೆ.

ಹೊಸ ಹಲಗೆ ಆರಿಸುವಾಗ ತೂಕವನ್ನೂ ನೋಡಬೇಕು. ಬಾಲ್ಸಾದಲ್ಲಿ ಒಂದು ಹಲಗೆಗೂ ಇನ್ನೊಂದಕ್ಕೂ ಎರಡು ಪಟ್ಟು ವ್ಯತ್ಯಾಸ ಇರುವುದುಂಟು. ಹಳೆಯ ಎರಡು ರೆಕ್ಕೆಗಳಿಗೆ ಹತ್ತಿರದ ತೂಕ ಬರುವ ತುಂಡನ್ನೇ ಆರಿಸಿದೆ. ಮೂರನ್ನೂ ಒಂದರ ಮೇಲೊಂದು ಜೋಡಿಸಿ, ಗುಂಡುಸೂಜಿ ಚುಚ್ಚಿ, ಅಂಚುಗಳನ್ನು ಒಟ್ಟಿಗೇ ಉಜ್ಜಿ ಒಂದೇ ಆಕಾರಕ್ಕೆ ತಂದೆ. ಮುಂದಿನ ಅಂಚನ್ನು ದುಂಡಗೆ, ಹಿಂದಿನದನ್ನು ಸಪುರವಾಗಿ ಮಾಡಿದೆ. ಕೊಳವೆಗೆ ಕೂರುವ ಅಂಚನ್ನು ಮಾತ್ರ ಚಪ್ಪಟೆಯಾಗಿಯೇ ಬಿಟ್ಟೆ.

ಅಂಟಿಸಲು ಬಳಸಿದ್ದು ಮರಗೆಲಸದ ಬಿಳಿ ಅಂಟು. ರೆಕ್ಕೆಯ ಅಂಚಿಗೆ ತೆಳ್ಳಗೆ ಹಚ್ಚಿ, ಕೊಳವೆಯ ಗೆರೆಗೆ ಒಮ್ಮೆ ಒತ್ತಿ ತೆಗೆದು, ಕೆಲವು ನಿಮಿಷ ಒಣಗಲು ಬಿಟ್ಟೆ. ಎರಡನೆಯ ಸಲ ಹಚ್ಚಿ ಕೂರಿಸಿದಾಗ ಅರೆ ನಿಮಿಷದಲ್ಲೇ ಕಚ್ಚಿ ನಿಂತಿತು. ಮಾರನೆಯ ದಿನ ಸಂದಿಗಳಿಗೆ ಇನ್ನಷ್ಟು ಅಂಟು ಹಾಕಿ, ಬೆರಳಿನಿಂದ ಒಮ್ಮೆ ನಯವಾಗಿ ಎಳೆದು, ಅಂಟು ಜಾರದಂತೆ ರಾಕೆಟ್ಟನ್ನು ಅಡ್ಡಲಾಗಿ ಮಲಗಿಸಿದೆ.

ಮರದ ಮೂತಿ ತಿಂದಷ್ಟು ಸಮಯವನ್ನು ಬೇರಾವುದೂ ತಿನ್ನಲಿಲ್ಲ. ಪ್ಲಾಸ್ಟಿಕ್ ಮೂತಿಗೆ ನೇರವಾಗಿ ಬಣ್ಣ ಹೊಡೆಯಬಹುದು. ಬಾಲ್ಸಾಕ್ಕೆ ಹೊಡೆದರೆ ಹೀರಿಕೊಂಡು ಒರಟಾಗಿ ನಿಲ್ಲುತ್ತದೆ. ತುದಿಯಲ್ಲಂತೂ ಎಳೆಗಳು ಬಾಯಿ ತೆರೆದು ನಿಂತಿರುವುದರಿಂದ ರಂಧ್ರ ಮುಚ್ಚುವ ಸೀಲರ್ ಎಷ್ಟು ಹಚ್ಚಿದರೂ ಕುಡಿಯುತ್ತಲೇ ಇರುತ್ತದೆ. ಹಚ್ಚುವುದು, ಒಣಗಿಸುವುದು, 320ರ ಸ್ಯಾಂಡ್‌ಪೇಪರ್‌ನಿಂದ ಉಜ್ಜುವುದು, ಕೊನೆಗೆ 400ರದು. ಪ್ರತಿ ಸಲ ಕೋಣೆಯ ದೀಪ ಆರಿಸಿ ಟಾರ್ಚನ್ನು ಓರೆಯಾಗಿ ಹಿಡಿದು ನೋಡುತ್ತಿದ್ದೆ. ಓರೆ ಬೆಳಕಿನಲ್ಲಿ ಮುಚ್ಚದ ರಂಧ್ರಗಳು ಸಣ್ಣ ಸಣ್ಣ ನೆರಳಾಗಿ ಕಾಣುತ್ತವೆ. ಐದನೆಯ ಸಲಕ್ಕೆ ನೆರಳು ಹೋಯಿತು. ಮೂತಿ ಹೊಳೆ ದಂಡೆಯ ಕಲ್ಲಿನಂತೆ ನುಣುಪಾಗಿ ಬೆರಳಿಗೆ ಸಿಕ್ಕಿತು. ಕೊಳವೆಯೊಳಗೆ ಇಳಿಯುವ ಭಾಗಕ್ಕೆ ಸೀಲರ್ ತೆಳ್ಳಗಿರಲಿ. ಮೂತಿ ಸಡಿಲವಾಗಿ ಕುಳಿತು, ಸುಲಭವಾಗಿ ಕಳಚಬೇಕು. ಬಿಗಿಯಾದರೆ ಪ್ಯಾರಾಚೂಟ್ ಹೊರಗೆ ಬರುವುದಿಲ್ಲ.

ಮೂತಿಯನ್ನು ಕೊಳವೆಗೆ ಕಟ್ಟಿಡುವ ರಬ್ಬರಿನ ದಾರ ಎಳೆದ ಕೂಡಲೇ ಪುಡಿಯಾಯಿತು. ಅಲ್ಲಿ ಮೂಲದ ಮೋಹ ಬೇಡವೇ ಬೇಡ. ಮೋಟಾರ್ ಕೂರುವ ಚೌಕಟ್ಟಿಗೆ ಬಿಸಿ ತಡೆಯುವ ಗಟ್ಟಿ ಕೆವ್ಲಾರ್ ದಾರ ಕಟ್ಟಿ, ಅದರ ತುದಿಗೆ ಹೊಲಿಗೆಯ ಎಲಾಸ್ಟಿಕ್ ಸೇರಿಸಿದೆ. ಪ್ಯಾರಾಚೂಟನ್ನೂ ಹೊಸದಾಗಿ ಮಾಡಿದೆ. ಕಿಟ್ಟಿನ ಜೊತೆ ಹಳೆಯ ಮೋಟಾರುಗಳು ಸಿಕ್ಕರೆ ಅವುಗಳನ್ನು ಹಚ್ಚಬೇಡಿ. ವರ್ಷಗಟ್ಟಲೆ ಬಿಸಿ, ತಂಪು ಕಂಡ ಮದ್ದಿನಲ್ಲಿ ಬಿರುಕು ಬಿಟ್ಟಿರಬಹುದು. ಆ ಬಿರುಕಿಗೆ ಬೆಂಕಿ ನುಗ್ಗಿದರೆ ಮೋಟಾರ್ ಸಿಡಿಯುತ್ತದೆ. ನೀರಿನಲ್ಲಿ ನೆನೆಸಿ ಅಂಟಿಸುವ ಅಲಂಕಾರದ ಚಿತ್ರಗಳಾದ ಡೆಕಾಲ್‌ಗಳು ಹಳದಿಯಾಗಿದ್ದವು. ಕಿಟಕಿಯ ಗಾಜಿಗೆ ಅಂಟಿಸಿ ಎರಡು ವಾರ ಬಿಸಿಲು ಕಾಣಿಸಿದಾಗ ಬಹುಪಾಲು ತಿಳಿಯಾದವು. ನೆನೆಸುವ ಮುಂಚೆ ಪಾರದರ್ಶಕ ವಾರ್ನಿಷ್ ಸಿಂಪಡಿಸಿದ್ದರಿಂದ ಒಡೆಯದೆ ಬಂದವು.

ಬಣ್ಣವೆಲ್ಲ ಮುಗಿದ ಮೇಲೆ ಮೋಟಾರ್ ಸೇರಿಸಿ, ಭಾರ ಸಮವಾಗಿ ತೂಗುವ ಬಿಂದುವಿಗೆ ದಾರ ಕಟ್ಟಿ, ತಲೆಯ ಸುತ್ತ ಬೀಸಿ ತಿರುಗಿಸಿದೆ. ಸ್ಥಿರವಾದ ರಾಕೆಟ್ ಮೂತಿ ಮುಂದಿಟ್ಟುಕೊಂಡೇ ಸಾಗುತ್ತದೆ. ನನ್ನದು ಓಲಾಡಿತು. ರೆಕ್ಕೆಗಳಿಗೆ ಹಚ್ಚಿದ ಸೀಲರ್, ಅಂಟು, ಬಣ್ಣ ಎಲ್ಲವೂ ಬಾಲದ ತೂಕ ಹೆಚ್ಚಿಸಿದ್ದವು. ಬಾಲ್ಸಾದ ಮೂತಿಯೋ ಗರಿಯಂತೆ ಹಗುರ. ತೂಕದ ಕೇಂದ್ರವು ಗಾಳಿಯೊತ್ತಡದ ಕೇಂದ್ರಕ್ಕಿಂತ ಕನಿಷ್ಠ ಒಂದು ಕೊಳವೆಯಗಲದಷ್ಟು ಮುಂದಿರಬೇಕು. ಮೂತಿಯ ಬುಡದಲ್ಲಿ ಸಣ್ಣ ರಂಧ್ರ ಕೊರೆದು, 4 ಗ್ರಾಂ ಜೇಡಿ ತುಂಬಿ, ಮೇಲೆ ಅಂಟು ಹಾಕಿ ಮುಚ್ಚಿದೆ. ಮತ್ತೆ ಬೀಸಿದಾಗ ಗೆರೆ ಎಳೆದಂತೆ ನೇರವಾಗಿ ಸುತ್ತಿತು.

ಮೊದಲ ಹಾರಾಟಕ್ಕೆ ಎ8-3 ಮೋಟಾರ್ ಹಾಕಿದೆ. ಎ ಎಂದರೆ ಮೋಟಾರಿನ ಒಟ್ಟು ಶಕ್ತಿಯ ವರ್ಗ; 8 ಎಂದರೆ ಸರಾಸರಿ ನೂಕುಬಲ ನ್ಯೂಟನ್‌ಗಳಲ್ಲಿ; 3 ಎಂದರೆ ಉರಿ ಮುಗಿದ ಮೇಲೆ ಪ್ಯಾರಾಚೂಟ್ ಹೊರತಳ್ಳುವವರೆಗಿನ ಸೆಕೆಂಡುಗಳು. ಬಯಲಲ್ಲಿ ಸರಳು ನೆಟ್ಟು, 5 ಮೀಟರ್ ದೂರ ನಿಂತು ಗುಂಡಿ ಒತ್ತಿದೆ. ಸರ್‍ರೆಂದು ಏರಿ, ತುದಿಯಲ್ಲಿ ಒಂದು ಕ್ಷಣ ತಡೆದು, ಪ್ಯಾರಾಚೂಟ್ ಬಿಚ್ಚಿತು. ಇಳಿದದ್ದು ಗಟ್ಟಿ ನೆಲದ ಮೇಲೆ, ಅದೂ ಹೊಸ ರೆಕ್ಕೆಯ ಮೂಲೆಯೇ ಮೊದಲು ತಾಗುವಂತೆ. ಓಡಿಹೋಗಿ ಎತ್ತಿ ನೋಡಿದರೆ ಮೂಲೆಯ ಬಣ್ಣ ಸಾಸಿವೆ ಕಾಳಿನಷ್ಟು ಎದ್ದಿತ್ತು, ಅಷ್ಟೇ. ಸೀಳಿರಲಿಲ್ಲ.

ಎಳೆ ತಪ್ಪಿದ ಹಳೆಯ ರೆಕ್ಕೆಯನ್ನು ಎಸೆದಿಲ್ಲ. ಮುದ್ರಿಸಿಟ್ಟ ನಕ್ಷೆಯ ಮೇಲೆ ಎಳೆಯ ಸರಿಯಾದ ದಿಕ್ಕಿಗೆ ಕೆಂಪು ಬಾಣ ಬರೆದು, ಎರಡನ್ನೂ ಕಿಟ್ ಬಂದ ಚೀಲದಲ್ಲೇ ಇಟ್ಟಿದ್ದೇನೆ.