ಮಲೆನಾಡಿನ ಮನೆಗೊಂದು ಸಿನಿಮಾ ಸರ್ವರ್: ಶೀತ, ಕರೆಂಟು, ಸಿಡಿಲಿನ ಲೆಕ್ಕ ಮೊದಲು

ಬೀರುವಿನಲ್ಲಿರುವ ವಿಸಿಡಿ, ಡಿವಿಡಿಗಳನ್ನೆಲ್ಲ ಫೈಲು ಮಾಡಿ ಮನೆಯ ಒಂದು ಕಂಪ್ಯೂಟರಿನಲ್ಲಿಟ್ಟು ಟಿವಿಗೆ ಹಾಯಿಸಬಹುದು, ಆ ಕಂಪ್ಯೂಟರೇ ಸಿನಿಮಾ ಸರ್ವರ್. ಅದಕ್ಕೆ ಸಾಫ್ಟ್‌ವೇರ್ ಹಾಕುವುದು ಒಂದು ಸಂಜೆಯ ಕೆಲಸ. ಆದರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಐದು ವರ್ಷ ಬಾಳುವ ಜೋಡಣೆ ತೀರ್ಥಹಳ್ಳಿ, ಹೊಸನಗರದ ಕಡೆ ಒಂದೇ ಮಳೆಗಾಲಕ್ಕೆ ಕೈಕೊಡಬಹುದು. ಹಾಗಾಗಿ ದುಡ್ಡನ್ನು ದೊಡ್ಡ ಪ್ರೊಸೆಸರಿಗೆ ಸುರಿಯಬೇಡಿ. ಅರ್ತಿಂಗ್, ಯುಪಿಎಸ್ ಮತ್ತು ಎರಡನೇ ಹಾರ್ಡ್‌ಡಿಸ್ಕಿಗೆ ಮೊದಲು ಎತ್ತಿಡಿ.

ಡಿಸ್ಕಿನಿಂದ ಫೈಲಿಗೆ

ಈ ಕೆಲಸವನ್ನು ಜನವರಿಯಿಂದ ಮೇ ಒಳಗೆ ಮುಗಿಸಿ. ಜೂನ್ ಹಿಡಿದರೆ ಡಿಸ್ಕಿಗಷ್ಟೇ ಅಲ್ಲ, ಡಿವಿಡಿ ಡ್ರೈವಿನ ಲೆನ್ಸಿಗೂ ಬೂಷ್ಟು ಬರುತ್ತದೆ. ಬೂಷ್ಟು ಹಿಡಿದ ಡಿಸ್ಕನ್ನು ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆದು, ಮೆತ್ತನೆ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ಸುತ್ತ ತಿರುಗಿಸಿ ಒರೆಸಿದರೆ ಗೀರು ಡೇಟಾ ಸಾಲಿನ ಉದ್ದಕ್ಕೇ ಬೀಳುತ್ತದೆ, ಆಮೇಲೆ ಡ್ರೈವ್ ಅದನ್ನು ತಿದ್ದಿಕೊಳ್ಳಲಾರದು. ತೊಳೆದ ಡಿಸ್ಕನ್ನು ಬಲ್ಬಿಗೆ ಹಿಡಿದು ನೋಡಿ. ಸೂಜಿಮೊನೆಯಂಥ ತೂತುಗಳು ಕಂಡರೆ ಒಳಗಿನ ಅಲ್ಯುಮಿನಿಯಂ ಪದರವೇ ಹೋಗಿದೆ, ಆ ಭಾಗ ಮರಳಿ ಬಾರದು.

ವಿಸಿಡಿಯಲ್ಲಿ ಸಿನಿಮಾ ಇರುವುದು ‘ಎಂಪೆಗ್‌ಎವಿ’ ಎಂಬ ಫೋಲ್ಡರಿನೊಳಗಿನ ಡ್ಯಾಟ್ ಫೈಲಿನಲ್ಲಿ. ಒಂದು ಡಿಸ್ಕಿನಲ್ಲಿ ಹಿಡಿಸುವುದು ಸುಮಾರು 74 ನಿಮಿಷ, ಅದಕ್ಕೇ ಒಂದು ಚಿತ್ರಕ್ಕೆ ಎರಡು ಮೂರು ಡಿಸ್ಕು. ಚಿತ್ರದ ಅಳತೆ 352×288 ಅಷ್ಟೇ. ಇದನ್ನು ಮತ್ತೆ ಎನ್‌ಕೋಡ್ ಮಾಡಿ (ವಿಡಿಯೊವನ್ನು ಹೊಸದಾಗಿ ಕುಗ್ಗಿಸಿ ಬರೆದು) ‘ಎಚ್‌ಡಿ’ ಮಾಡಲು ಹೋದರೆ ಇದ್ದ ಸ್ಪಷ್ಟತೆಯೂ ಹೋಗುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ವಿಡಿಯೊ ತಂತ್ರಾಂಶದಲ್ಲಿ ಚಿತ್ರ, ಧ್ವನಿ ಮುಟ್ಟದೆ ‘ಕಾಪಿ’ ಆಯ್ಕೆಯಿಂದ ಎಂಪಿಜಿ ಫೈಲು ಮಾಡಿಕೊಂಡು, ಎಂಕೆವಿಟೂಲ್‌ನಿಕ್ಸ್ ಎಂಬ ಇನ್ನೊಂದರಲ್ಲಿ ಭಾಗಗಳನ್ನು ‘ಅಪೆಂಡ್’ ಮಾಡಿ ಒಂದೇ ಫೈಲಾಗಿ ಜೋಡಿಸಿ. ವಿಸಿಡಿಯ ವಿಡಿಯೊ ಭಾಗಕ್ಕೆ ಮಾಮೂಲಿ ಡೇಟಾ ಸಿಡಿಗಿರುವಷ್ಟು ತಪ್ಪು ತಿದ್ದುವ ವ್ಯವಸ್ಥೆ ಇಲ್ಲ. ಸಣ್ಣ ಗೀರಿಗೂ ಚೌಕ ಚೌಕ ಕಾಣುವುದು ಅದರಿಂದಲೇ. ಓದದಿದ್ದರೆ ಬೇರೆ ಕಂಪನಿಯ ಡ್ರೈವಿನಲ್ಲಿ ಹಾಕಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಡಿವಿಡಿಯನ್ನು ಮೊದಲು ಮೇಕ್‌ಎಂಕೆವಿ ತಂತ್ರಾಂಶದಲ್ಲಿ ಫೈಲಾಗಿ ನಕಲಿಸಿ, ಆಮೇಲೆ ಹ್ಯಾಂಡ್‌ಬ್ರೇಕ್‌ನಲ್ಲಿ ಎನ್‌ಕೋಡ್ ಮಾಡಿ ಕುಗ್ಗಿಸಿ. ಅದರಲ್ಲಿ ವಿಡಿಯೊಗೆ ಎಚ್.264, ಗುಣಮಟ್ಟದ ಅಂಕಿ ಆರ್‌ಎಫ್ 20, ಧ್ವನಿಗೆ ಎಎಸಿ ಆರಿಸಿ. ಪಾತ್ರಗಳು ಓಡುವಾಗ ಅಂಚಿನಲ್ಲಿ ಬಾಚಣಿಗೆ ಹಲ್ಲಿನಂಥ ಗೆರೆ ಕಂಡರೆ ಅದನ್ನು ಅಳಿಸುವ ‘ಡೀಇಂಟರ್‌ಲೇಸ್’ ಆನ್ ಮಾಡಿ. ಒಂದು ಚಿತ್ರ ಸುಮಾರು 1.5 ಜಿಬಿಗೆ ಬರುತ್ತದೆ. ಒಂದೇ ಡಿಸ್ಕಿಗೆ ಮೂರು ಚಿತ್ರ ತುರುಕಿದ ಅಗ್ಗದ ಡಿವಿಡಿಗಳಲ್ಲಿ ಮೂಲವೇ ಮಸುಕು, ಅವನ್ನು ಎನ್‌ಕೋಡ್ ಮಾಡದೆ ಹಾಗೇ ಇಡಿ. 300 ವಿಸಿಡಿ ಚಿತ್ರ, 200 ಡಿವಿಡಿ ಚಿತ್ರ ಇದ್ದರೂ ಒಟ್ಟು 700 ಜಿಬಿ ಆಸುಪಾಸು. 2 ಟಿಬಿ ಹಾರ್ಡ್‌ಡಿಸ್ಕು ಧಾರಾಳ.

ಯಾವ ಕಂಪ್ಯೂಟರ್

ಇಂಟೆಲ್ 8ನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್ ಇರುವ ಸೆಕೆಂಡ್‌ಹ್ಯಾಂಡ್ ಮಿನಿ ಪಿಸಿ ಸಾಕು. ಒಳಗೆ ಸಿಸ್ಟಮ್ ಕೂರುವ ಎಂ.2 ಎಸ್‌ಎಸ್‌ಡಿಗೂ (ಚಿಪ್ಪಿನ ಸಣ್ಣ ಡಿಸ್ಕು), ಸಿನಿಮಾ ಇಡುವ 2.5 ಇಂಚಿನ ಹಾರ್ಡ್‌ಡಿಸ್ಕಿಗೂ ಎರಡಕ್ಕೂ ಜಾಗವಿರುವುದನ್ನೇ ಆರಿಸಿ. ಸಿನಿಮಾ ಡಿಸ್ಕು ಒಳಗೇ ಕೂತರೆ ಒಂದೇ ಅಡಾಪ್ಟರು, ಒಂದೇ ಯುಪಿಎಸ್. ಹೊರಗಿನ 3.5 ಇಂಚಿನ ಡಿಸ್ಕಿಗೆ ಬೇರೆ 12 ವೋಲ್ಟ್ ಅಡಾಪ್ಟರು ಬೇಕು. ಕರೆಂಟು ಕಣ್ಣು ಮಿಟುಕಿಸಿದಾಗ ಕಂಪ್ಯೂಟರು ಉಳಿದು ಡಿಸ್ಕು ಮಾತ್ರ ಬಿದ್ದರೆ ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ) ಕೆಡಬಹುದು.

ಇಂಥ ಮಿನಿ ಪಿಸಿ ಸುಮ್ಮನೆ ಕೂತಾಗ 12 ವ್ಯಾಟ್ ಎಂದಿಟ್ಟುಕೊಂಡರೆ ತಿಂಗಳಿಗೆ 9 ಯೂನಿಟ್. ಅಟ್ಟದಲ್ಲಿರುವ ಹಳೆ ಡೆಸ್ಕ್‌ಟಾಪನ್ನೇ ಬಳಸಿದರೆ 60 ವ್ಯಾಟ್‌ನಂತೆ 43 ಯೂನಿಟ್. ಪುಕ್ಕಟೆ ಸಿಕ್ಕ ಡೆಸ್ಕ್‌ಟಾಪು ಗೃಹಜ್ಯೋತಿಯ ಮಿತಿ ದಾಟಿಸಿದರೆ ಏನು ಉಳಿತಾಯ?

ಇಡುವ ಜಾಗ: ಮಳೆ ಹೊಡೆಯುವ ಹೊರಗೋಡೆಗೆ ತಾಗಿಸಬೇಡಿ, ಹೆಂಚಿನ ಅಡಿ ಬೇಡ, ಬಚ್ಚಲೊಲೆಯ ಹೊಗೆ ಬರುವಲ್ಲಿ ಬೇಡವೇ ಬೇಡ. ಮಸಿ ಕೂತ ಫ್ಯಾನಿಗೆ ಶೀತ ಸೇರಿದರೆ ಅಂಟಾಗಿ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಆಫ್ ಮಾಡಿಡುವುದಕ್ಕಿಂತ ಸದಾ ಓಡುತ್ತಿರುವುದೇ ಒಳ್ಳೆಯದು, ಒಳಗಿನ ಬಿಸಿಗೆ ಪಸೆ ನಿಲ್ಲುವುದಿಲ್ಲ.

ಕರೆಂಟು ಮತ್ತು ಸಿಡಿಲು

ಸ್ಪೈಕ್ ಗಾರ್ಡು ಹೆಚ್ಚುವರಿ ವೋಲ್ಟೇಜನ್ನು ಅರ್ತಿಗೆ ತಳ್ಳಬೇಕು. ಅರ್ತೇ ಇಲ್ಲದಿದ್ದರೆ ಅದರ ರಕ್ಷಣೆ ಬಹಳ ಕಡಿಮೆ. ಎಲೆಕ್ಟ್ರಿಷಿಯನ್ ಹತ್ತಿರ ನ್ಯೂಟ್ರಲ್–ಅರ್ತ್ ನಡುವಿನ ವೋಲ್ಟೇಜ್ ಅಳೆಸಿ, 2–3 ವೋಲ್ಟ್ ಮೀರಿದರೆ ವೈರಿಂಗ್, ಅರ್ತಿಂಗ್ ಎರಡನ್ನೂ ನೋಡಿಸಿ. ಮಾರ್ಚ್–ಏಪ್ರಿಲ್‌ನಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಅರ್ತಿಂಗ್ ಸೋಲುತ್ತದೆ, ಸಿಡಿಲಿನ ಮಳೆ ಬರುವುದೂ ಆಗಲೇ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಅರ್ತಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿ.

ಗುಡುಗು ಹತ್ತಿರವಾಗುವ ಮೊದಲೇ ಪ್ಲಗ್ ಕೀಳುವುದು ಎಲ್ಲರಿಗೂ ಗೊತ್ತು. ಮರೆಯುವುದು ಮಾಡಿನ ಮೇಲಿನ ಡಿಶ್ಶನ್ನು. ಡಿಶ್ ಕೇಬಲ್, ಸೆಟ್‌ಟಾಪ್ ಬಾಕ್ಸ್, ಎಚ್‌ಡಿಎಂಐ, ಟಿವಿ, ಮತ್ತೊಂದು ಎಚ್‌ಡಿಎಂಐ, ಕೊನೆಗೆ ನಿಮ್ಮ ಸರ್ವರ್: ಸಿಡಿಲಿಗೆ ಇದು ನೇರ ದಾರಿ. ಡಿಶ್ ಕೇಬಲನ್ನೂ ಬಿಚ್ಚಿ. ಫೈಬರ್ ಇಂಟರ್ನೆಟ್ ಗಾಜಿನ ಎಳೆಯಾದರೂ ಅದನ್ನು ಹೊತ್ತ ಉಕ್ಕಿನ ತಂತಿ ಮನೆಯೊಳಗೆ ಬರದಂತೆ ಹೊರಗೇ ಕಟ್ಟಿಸಿ. ಅಂಗಳದಾಚೆಯ ಔಟ್‌ಹೌಸಿಗೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ, ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲಿಗೆ ಜೋಡಿಸುವ ಪೆಟ್ಟಿಗೆ) ಹಾಕಿ. ಮನೆಯೊಳಗೆ ಮಾತ್ರ ಕ್ಯಾಟ್ 6 ಎಂಬ ತಾಮ್ರದ ಲ್ಯಾನ್ ಕೇಬಲ್ಲೇ ಸರಿ, ದಪ್ಪ ಕಲ್ಲುಗೋಡೆ ದಾಟಿ ವೈಫೈ ಸರಿಯಾಗಿ ಹೋಗುವುದಿಲ್ಲ.

ಮಿನಿ ಪಿಸಿ ಮತ್ತು ರೌಟರಿಗೆ 600 ವಿಎ ಯುಪಿಎಸ್ ಒಂದು ಗಂಟೆಯ ಹತ್ತಿರ ಬರುತ್ತದೆ. ಬ್ಯಾಟರಿ ಬತ್ತುವ ಮೊದಲು ಕಂಪ್ಯೂಟರು ತಾನೇ ಮಲಗಬೇಕು. ಯುಪಿಎಸ್‌ಗೆ ಯುಎಸ್‌ಬಿ ಇದ್ದರೆ ನಟ್ ಎಂಬ ತಂತ್ರಾಂಶ ಆ ಕೆಲಸ ಮಾಡುತ್ತದೆ. ಇಲ್ಲದಿದ್ದರೆ ಒಂದು ಅಗ್ಗದ ವೈಫೈ ಸ್ಮಾರ್ಟ್ ಪ್ಲಗ್ಗನ್ನು ಇನ್ವರ್ಟರ್ ಇಲ್ಲದ ಲೈನಿಗೆ ಚುಚ್ಚಿ, ನಿಮಿಷಕ್ಕೊಮ್ಮೆ ಅದಕ್ಕೆ ಪಿಂಗ್ (‘ಇದ್ದೀಯಾ’ ಎಂದು ಕೇಳುವ ಸಂದೇಶ) ಕಳಿಸುವ ಸಣ್ಣ ಸ್ಕ್ರಿಪ್ಟ್ ಬರೆಯಿರಿ. ಹತ್ತು ಸಲ ಉತ್ತರ ಬರದಿದ್ದರೆ ಶಟ್‌ಡೌನ್. ಕಂಪ್ಯೂಟರಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ‘ಕರೆಂಟು ಬಂದ ಮೇಲೆ ಆನ್ ಆಗು’ ಎಂಬ ಆಯ್ಕೆ ಹಾಕಿ. ಸಿನಿಮಾ ಡಿಸ್ಕನ್ನು ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಮಾಡಬೇಡಿ, ಜರ್ನಲ್ (ಬದಲಾವಣೆಯ ದಾಖಲೆ, ಕರೆಂಟು ಹೋದಾಗ ಕಾಪಾಡುವುದು ಅದೇ) ಇರುವ ಎಕ್ಸ್‌ಟಿ4 ಮಾಡಿ, ಲಿನಕ್ಸ್‌ಗೆ ಆ ಡಿಸ್ಕು ಜೋಡಿಸಲು ಹೇಳುವ ಮೌಂಟ್ ಸಾಲಿಗೆ ‘ನೋಫೇಲ್’ ಸೇರಿಸಿ. ಇಲ್ಲದಿದ್ದರೆ ಡಿಸ್ಕು ಕೈಕೊಟ್ಟ ದಿನ ಕಂಪ್ಯೂಟರು ಪೂರ್ತಿ ಬೂಟ್ ಆಗದೆ ನಿಲ್ಲುತ್ತದೆ.

ಜೆಲ್ಲಿಫಿನ್ ಹಾಕುವುದು

ಒಂದೇ ಟಿವಿ ಇರುವ ಮನೆಗೆ ಸರ್ವರೇ ಬೇಡ, ಮಿನಿ ಪಿಸಿಯನ್ನು ಎಚ್‌ಡಿಎಂಐನಲ್ಲಿ ಜೋಡಿಸಿ ಕೋಡಿ ಎಂಬ ಸಿನಿಮಾ ಪ್ಲೇಯರ್ ತಂತ್ರಾಂಶ ಹಾಕಿದರೆ ಮುಗಿಯಿತು. ಎರಡು ಟಿವಿ, ಮೊಬೈಲು ಎಲ್ಲ ಇದ್ದರೆ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಮೇಲೆ ಜೆಲ್ಲಿಫಿನ್, ಅಂದರೆ ಮನೆಯ ಎಲ್ಲ ಪರದೆಗೂ ಸಿನಿಮಾ ಹಾಯಿಸುವ ಸರ್ವರ್ ತಂತ್ರಾಂಶ. ಇಂಟರ್ನೆಟ್ ಸತ್ತ ದಿನವೂ ಮನೆಯೊಳಗೆ ಲಾಗಿನ್ ಆಗುತ್ತದೆ, ಮಳೆಗಾಲಕ್ಕೆ ಬೇಕಾದದ್ದು ಅದೇ. ರೌಟರಿನಲ್ಲಿ ಸರ್ವರಿಗೆ ಖಾಯಂ ಐಪಿ (ನೆಟ್‌ವರ್ಕಿನಲ್ಲಿ ಅದರ ವಿಳಾಸ) ಕೊಟ್ಟು, ಬ್ರೌಸರಿನಲ್ಲಿ ಆ ಐಪಿಯ ಮುಂದೆ 8096 ಪೋರ್ಟ್ ಹಾಕಿ ತೆರೆಯಿರಿ.

ಪ್ರತಿ ಚಿತ್ರಕ್ಕೂ ಒಂದು ಫೋಲ್ಡರು. ಹೆಸರು ಇಂಗ್ಲಿಷ್ ಅಕ್ಷರದಲ್ಲಿ, ಮುಂದೆ ಆವರಣದಲ್ಲಿ ಇಸವಿ. ಇಸವಿ ಬಿಟ್ಟರೆ 1972ರ ‘ನಾಗರಹಾವು’ ಜಾಗದಲ್ಲಿ 2016ರ ‘ನಾಗರಹಾವು’ ಪೋಸ್ಟರ್ ಬಂದು ಕೂರಬಹುದು. ಆದರೂ ತಪ್ಪು ಹಿಡಿದರೆ ‘ಐಡೆಂಟಿಫೈ’ ಒತ್ತಿ, ಟಿಎಂಡಿಬಿ ಎಂಬ ಚಿತ್ರಮಾಹಿತಿ ಜಾಲತಾಣದಲ್ಲಿ ಆ ಚಿತ್ರಕ್ಕಿರುವ ಸಂಖ್ಯೆಯನ್ನು ಕೈಯಾರೆ ಕೊಡಿ. ಲೈಬ್ರರಿ ಸೆಟ್ಟಿಂಗ್‌ನಲ್ಲಿ ಎನ್‌ಎಫ್‌ಒ (ಚಿತ್ರದ ಮಾಹಿತಿ ಬರೆದಿಡುವ ಫೈಲು) ಮತ್ತು ಪೋಸ್ಟರುಗಳು ಸಿನಿಮಾ ಫೋಲ್ಡರಿನೊಳಗೇ ಉಳಿಯುವಂತೆ ಟಿಕ್ ಹಾಕಿ. ನಾಳೆ ಎಸ್‌ಎಸ್‌ಡಿ ಸತ್ತರೂ ತಿದ್ದಿದ ಕೆಲಸ ಉಳಿಯುತ್ತದೆ.

ಎರಡನೇ 2 ಟಿಬಿ ಹಾರ್ಡ್‌ಡಿಸ್ಕಿಗೆ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಲ್ಲಿ ತಿಂಗಳಿಗೊಮ್ಮೆ ನಕಲು ತೆಗೆದು, ಪ್ಲಗ್ ಕಿತ್ತು, ಗಾಳಿಯಾಡದ ಡಬ್ಬಿಯಲ್ಲಿಡಿ. ಹಪ್ಪಳದ ಡಬ್ಬಿಯಂಥದೇ ಆಗುತ್ತದೆ. 10 ಲೀಟರ್ ಡಬ್ಬಿಗೆ 100 ಗ್ರಾಂ ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ತೇವಾಂಶ ಮೀಟರು. ಮೀಟರು ಶೇ 50 ದಾಟಿದರೆ ಜೆಲ್ಲನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಬಿಸಿ ಮಾಡಿ ಮತ್ತೆ ಹಾಕಿ. ನೀಲಿ ಬಣ್ಣದ ಜೆಲ್ಲಿನಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಪಾತ್ರೆಯಲ್ಲಿ ಕಾಯಿಸಬೇಡಿ.